ಜೋಕರಿಲ್ಲದ ಕೈ

ಹದಿಮೂರು ಎಲೆಗಳನ್ನು ಹಂಚಿ ಮುಗಿದು, ಅವು ಇನ್ನೂ ಬೋರಲಾಗಿ ನಮ್ಮ ಮುಂದೆ ಬಿದ್ದಿರುವಾಗ, ಒಂದೊಂದನ್ನೇ ಎತ್ತಿ ಎಡಗೈಯಲ್ಲಿ ಅರ್ಧಚಂದ್ರಾಕಾರವಾಗಿ ಜೋಡಿಸಿಕೊಳ್ಳುವ ಆ ಅರ್ಧ ನಿಮಿಷದಲ್ಲಿ ರಮ್ಮಿಯಾಟದ ಸಮಸ್ತ ಸೊಗಸೂ ಅಡಗಿದೆಯೆಂದು ನಾನು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇನೆ. ಹದಿಮೂರನ್ನೂ ಒಟ್ಟಿಗೆ ಎತ್ತಿಕೊಳ್ಳುವ ಆತುರಗಾರರೂ ಉಂಟು. ಅವರ ಮಾರ್ಗ ಅವರಿಗಿರಲಿ. ಒಂದು ಎಲೆ ಬಂದೊಡನೆ ಮನಸ್ಸು ಅದರ ನೆರೆಹೊರೆಯನ್ನು ಕಲ್ಪಿಸಿಕೊಳ್ಳುವುದು, ಮುಂದಿನ ಎಲೆ ಆ ಕಲ್ಪನೆಯನ್ನು ಪೋಷಿಸುವುದು ಅಥವಾ ಕೆಡಹುವುದು, ಏಳೆಂಟು ಎಲೆಗಳ ವೇಳೆಗೆ ಕೈಗೆ ಒಂದು ಮುಖಲಕ್ಷಣ ಮೂಡುವುದು, ಇವೆಲ್ಲ ನಿಧಾನವಾಗಿ ಎತ್ತುವವನಿಗೆ ಮಾತ್ರ ದಕ್ಕುವ ಸುಖ.

ಈ ಸುಖವನ್ನು ನಾನು ಸವಿದದ್ದು ಬಹುಪಾಲು ರೈಲಿನಲ್ಲಿ. ಕೋಲಾರದ (ಕೆ.ಜಿ.ಎಫ್.) ಚಿನ್ನದ ಗಣಿಗಳಿಗಾಗಿಯೇ 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ ಹಾಸಿದ ಹತ್ತು ಮೈಲಿಯ ಕವಲುದಾರಿ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ, ಗಣಿ ಕಾರ್ಮಿಕರ ಮಕ್ಕಳನ್ನು ಬೆಂಗಳೂರಿನ ದುಡಿಮೆಗೆ ಒಯ್ದು ರಾತ್ರಿ ಮರಳಿ ತರುವ ದಾರಿಯಾಯಿತು. ಮಾರಿಕುಪ್ಪದಲ್ಲಿ ಇನ್ನೂ ಕತ್ತಲಿರುವಾಗಲೇ ಹತ್ತಿ ಎದುರುಬದುರು ಆಸನಗಳನ್ನು ಹಿಡಿದು, ಮೊಣಕಾಲುಗಳ ಮೇಲೆ ಟವೆಲೊಂದನ್ನು ಬಿಗಿಯಾಗಿ ಹಾಸಿ, ಅದರ ತುದಿಗಳನ್ನು ತೊಡೆಯ ಕೆಳಗೆ ಒತ್ತಿ ಕುಳಿತರೆ ಆಟದ ಕಟ್ಟೆ ಸಿದ್ಧ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟುವಷ್ಟರಲ್ಲಿ ಮೊದಲ ಕೈ ಮುಗಿದಿರುತ್ತದೆ. ಬಂಗಾರಪೇಟೆಯಲ್ಲಿ ಜನ ನುಗ್ಗಿದಾಗ ಟವೆಲನ್ನು ಕದಲಿಸದೆ ಕಾಲು ಸರಿಸಿಕೊಳ್ಳುವ ವಿದ್ಯೆ ಪ್ರತಿಯೊಬ್ಬ ಆಟಗಾರನಿಗೂ ತಿಳಿದಿರುತ್ತದೆ. ನಮ್ಮ ಕೂಟದಲ್ಲಿ ಹಣದ ಪಣವಿರಲಿಲ್ಲ. ಸೋತವನು ಉಳಿದವರಿಗೆ ವಡೆ, ಚಹ ಕೊಡಿಸಬೇಕು, ಅಷ್ಟೆ. ಸಂಬಳದ ದಿನದಂದೇ ಸಂಬಳವನ್ನು ಮೂರೆಲೆಯಾಟದಲ್ಲಿ ಕಳೆದು ಬರಿಗೈಯಲ್ಲಿ ಮನೆಗೆ ಮರಳಿದವರನ್ನು ಗಣಿ ಕಾರ್ಮಿಕರ ಕಾಲೋನಿಗಳು ಸಾಕಷ್ಟು ಕಂಡಿದ್ದವು. ಅಂಥ ಮನೆಗಳ ಹೆಂಗಸರ ಮುಖವನ್ನು ಬಲ್ಲ ಯಾರೂ ಪಣದ ಮಾತನ್ನು ಹಗುರವಾಗಿ ಆಡಲಾರರು.

ಮೂರೆಲೆಗೂ ರಮ್ಮಿಗೂ ಇರುವ ಅಂತರವನ್ನು ಸರ್ವೋಚ್ಚ ನ್ಯಾಯಾಲಯವೇ 1967ರಲ್ಲಿ ಎತ್ತಿ ಹೇಳಿತು. ಆಂಧ್ರಪ್ರದೇಶದಿಂದ ಬಂದ ಒಂದು ಮೊಕದ್ದಮೆಯಲ್ಲಿ, ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳುವುದೂ ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದೂ ಚಾತುರ್ಯದ ಕೆಲಸವಾದುದರಿಂದ ರಮ್ಮಿಯನ್ನು ಕೇವಲ ಅದೃಷ್ಟದ ಆಟವೆನ್ನಲಾಗದು ಎಂದು ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು. ಕಾನೂನಿನ ಗ್ರಂಥಗಳಲ್ಲಿ ಆಟದ ಮರ್ಮ ಇಷ್ಟು ಚೆನ್ನಾಗಿ ವ್ಯಕ್ತವಾಗುವುದು ಅಪರೂಪ. ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟ. ನಾವು ಕೆಳಗಿಡುವ ಪ್ರತಿಯೊಂದು ಎಲೆಯೂ ಎದುರಾಳಿಗೆ ನಮ್ಮ ಕೈಯ ಗುಟ್ಟನ್ನು ಒಂದಿಷ್ಟು ಹೇಳಿಬಿಡುತ್ತದೆ. ಅವನು ಎತ್ತಿಕೊಳ್ಳುವ ಎಲೆಯೂ ಎತ್ತದೆ ಬಿಡುವ ಎಲೆಯೂ ಅವನ ಗುಟ್ಟನ್ನು ನಮಗೆ ಹೇಳುತ್ತವೆ. ಆಟೀನಿನ ಎಂಟನ್ನು ಕಂಡು ಒಬ್ಬನ ಬೆರಳು ಕ್ಷಣಮಾತ್ರ ತಡೆದು ಮತ್ತೆ ಮುಚ್ಚಿದ ಕಟ್ಟಿನತ್ತ ಸರಿದರೆ, ಅಷ್ಟರಿಂದಲೇ ಬಲ್ಲವನು ಆಟೀನಿನ ಏಳನ್ನೂ ಒಂಬತ್ತನ್ನೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ.

ಇಂಥ ಆಟದಲ್ಲಿ ಒಂದು ವರ್ಷದ ಹಿಂಗಾರಿನ ತಿಂಗಳುಗಳಲ್ಲಿ ನನ್ನನ್ನು ಅದೃಷ್ಟ ಸಂಪೂರ್ಣವಾಗಿ ತೊರೆದುಹೋಯಿತು. ಎತ್ತಿದ ಕೈಗಳೆಲ್ಲ ರಾಜರಾಣಿಯರಿಂದ ತುಂಬಿರುತ್ತಿದ್ದವು, ಆದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲ. ಜೋಕರೆಂಬುದು ಎದುರಿನವರ ಕೈಯಲ್ಲಿ ಕಾಣುವ ವಸ್ತುವಾಯಿತು. ಶುದ್ಧ ಸೀಕ್ವೆನ್ಸಿಗೆ ಒಂದೇ ಎಲೆಯ ಕೊರತೆಯಿದ್ದು ಅದಕ್ಕಾಗಿ ಕಾದಿರುವಾಗಲೇ ಯಾರಾದರೊಬ್ಬರು ‘ಶೋ’ ಎಂದುಬಿಡುತ್ತಿದ್ದರು. ಪ್ರಯಾಣವೂ ಅದೇ ದಾರಿ ಹಿಡಿಯಿತು. ಕೋಲಾರದಿಂದ ಬಂಗಾರಪೇಟೆಗೆ ಬರುತ್ತಿದ್ದ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತು, ಮಳೆಯಲ್ಲಿ ನಡೆದು ನಿಲ್ದಾಣ ಸೇರುವಷ್ಟರಲ್ಲಿ ಮಾರಿಕುಪ್ಪದ ಕಡೆಯ ಗಾಡಿ ಹೊರಟುಹೋಗಿತ್ತು. ಇನ್ನೊಮ್ಮೆ ನನ್ನ ಕೈಚೀಲವನ್ನು ಯಾರೋ ತಮ್ಮದೆಂದು ತಿಳಿದು ಎತ್ತಿಕೊಂಡು ಮಾಲೂರಿನಲ್ಲಿ ಇಳಿದರು. ಅವರ ಚೀಲ ನನ್ನ ಬಳಿ ಉಳಿಯಿತು, ಅದರ ತುಂಬ ಯಾವುದೋ ಮನೆಯ ಲಗ್ನಪತ್ರಿಕೆಗಳು. ಮುಹೂರ್ತ ಸಮೀಪದಲ್ಲೇ ಇದ್ದುದರಿಂದ ಮರುದಿನ ಕೆಲಸ ಬಿಟ್ಟು ಆ ವಿಳಾಸವನ್ನು ಹುಡುಕಿಕೊಂಡು ಹೋಗಿ ತಲುಪಿಸಿ ಬಂದೆ.

ಕಡೆಯ ಗಾಡಿ ತಪ್ಪಿದ ಆ ರಾತ್ರಿ ನಮ್ಮ ಕೂಟದ ಹಿರಿಯರೂ ಜೊತೆಗಿದ್ದರು. ಚಾಂಪಿಯನ್ ರೀಫ್ ಗಣಿಯಲ್ಲಿ ಬಹುಕಾಲ ಕೇಜನ್ನು ಇಳಿಸುವ ಏರಿಸುವ ಯಂತ್ರವನ್ನು ನಡೆಸಿ ನಿವೃತ್ತರಾದ ಅವರನ್ನು ನಾವೆಲ್ಲ ಯಜಮಾನರೆಂದೇ ಕರೆಯುತ್ತಿದ್ದೆವು. ನನ್ನ ಚೀಲದೊಳಗೆ ಎರಡು ಕಟ್ಟು ಎಲೆಗಳೂ ನೆನೆದುಹೋಗಿದ್ದವು. ಯಜಮಾನರು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕುಳಿತು, ಹೆಗಲ ಟವೆಲಿನ ಒಣಗಿದ ಅಂಚಿನಿಂದ ಒಂದೊಂದೇ ಎಲೆಯನ್ನು ಮೊದಲು ಬೆನ್ನು, ಆಮೇಲೆ ಮುಖ ಒರೆಸಿ, ಜಾತಿಗೆ ಜಾತಿ ಸೇರಿಸಿ ಸಾಲಾಗಿ ಹರಡತೊಡಗಿದರು. ನೀರು ಕುಡಿದ ಎಲೆಗಳ ಮೂಲೆಗಳು ಪದರ ಬಿಟ್ಟು ಉಬ್ಬಿದ್ದವು. ಡೈಮಂಡಿನ ರಾಣಿಯ ಕೆಂಪು ಬಣ್ಣ ಕಳಾವರದ ಒಂಬತ್ತಿನ ಬೆನ್ನಿಗೆ ಹತ್ತಿತ್ತು. ನಾನು ಆ ತಿಂಗಳಿನ ನನ್ನ ಗ್ರಹಚಾರವನ್ನೆಲ್ಲ ಹೇಳಿಕೊಂಡೆ. ಅವರು ಎಲೆ ಒರೆಸುವುದನ್ನು ನಿಲ್ಲಿಸದೆಯೇ, ‘ಎಲೆ ನಿನ್ನ ಮೇಲೆ ಮುನಿಸಿಕೊಂಡಿಲ್ಲ ಕಣಪ್ಪಾ, ಅದಕ್ಕೆ ನೀನು ಯಾರು ಅಂತಲೇ ಗೊತ್ತಿಲ್ಲ’ ಎಂದರು.

ಮರುದಿನ ನಾನು ಕಾಗದ ಹಿಡಿದು ಲೆಕ್ಕ ಹಾಕಿದೆ. ಎರಡು ಕಟ್ಟು, ಕಟ್ಟಿಗೊಂದರಂತೆ ಎರಡು ಚಿತ್ರದ ಜೋಕರು, ಒಟ್ಟು 106 ಎಲೆ. ಜೋಕರನ್ನು ಗೊತ್ತುಮಾಡಲು ಒಂದನ್ನು ತೆರೆದಿಟ್ಟರೆ ಉಳಿಯುವ 105ರಲ್ಲಿ ಜೋಕರಾಗಬಲ್ಲವು ಒಂಬತ್ತು. ಹದಿಮೂರು ಎಲೆ ಎತ್ತಿದಾಗ ಒಂದೂ ಜೋಕರು ಬಾರದಿರುವ ಸಂಭವ ನೂರಕ್ಕೆ 29ರಷ್ಟು. ಇಂಥ ಐದು ಕೈಗಳು ಒಂದರ ಹಿಂದೊಂದು ಬರುವುದು ಐನೂರರಲ್ಲಿ ಒಂದು ಸಲದ ಮಾತು, ಕೇಳಿದರೆ ಅತ್ಯಪೂರ್ವವೆನಿಸುತ್ತದೆ. ಆದರೆ ದಿನಕ್ಕೆ ಹತ್ತು ಕೈ ಆಡುವವನಿಗೆ ಸರಾಸರಿ ಎರಡು ಎರಡೂವರೆ ತಿಂಗಳಿಗೊಮ್ಮೆ ಈ ಯೋಗ ಬಂದೇ ಬರಬೇಕೆಂದು ಅದೇ ಲೆಕ್ಕ ಹೇಳುತ್ತದೆ. ನನ್ನೊಬ್ಬನನ್ನೇ ಗುರುತಿಟ್ಟು ಕಾಡುತ್ತಿದೆಯೆಂದು ಭಾವಿಸಿದ್ದ ಶನಿಯು ಆ ಗಾಡಿಯ ಪ್ರತಿಯೊಂದು ಟವೆಲಿನ ಸುತ್ತಲೂ ಸರದಿಯ ಮೇಲೆ ಬಂದು ಹೋಗುತ್ತಿತ್ತೆಂದು ತಿಳಿದಾಗ ನನಗೆ ಉಂಟಾದ ನೆಮ್ಮದಿ ಅಷ್ಟಿಷ್ಟಲ್ಲ.

ಲೆಕ್ಕಕ್ಕೂ ಶನಿಗೂ ಇರುವ ಈ ಸಂಬಂಧ ನಮ್ಮ ಪೂರ್ವಿಕರಿಗೆ ಹೊಸದಾಗಿರಲಿಲ್ಲ. ದ್ಯೂತದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ಕಾಡಿನಲ್ಲಿ ಕುಳಿತ ಯುಧಿಷ್ಠಿರನಿಗೆ ಬೃಹದಶ್ವ ಮಹರ್ಷಿ ಹೇಳಿದ ನಳನ ಕಥೆಯನ್ನು, ಕನಕದಾಸರ ನಳಚರಿತ್ರೆಯ ಮೂಲಕ ಕನ್ನಡಿಗರ ಮನೆಮನೆಗೂ ಬಂದ ಆ ಕಥೆಯನ್ನು, ಇಸ್ಪೀಟಾಡುವವರೆಲ್ಲ ಮತ್ತೆ ಮತ್ತೆ ಓದಬೇಕು. ಪುಷ್ಕರನೊಡನೆ ಆಡಿ ರಾಜ್ಯವನ್ನು ಸೋತ ನಳನಿಗೆ ಪ್ರಯಾಣದಲ್ಲಿಯೂ ವಿಪತ್ತೇ: ಹಸಿವಿಗೆಂದು ಹಕ್ಕಿಗಳ ಮೇಲೆ ಎಸೆದ ಉಟ್ಟ ಬಟ್ಟೆಯನ್ನೂ ಅವು ಹೊತ್ತುಕೊಂಡು ಹಾರಿಹೋದವು. ಅವನ ವಿಮೋಚನೆಯಾದದ್ದೂ ಪ್ರಯಾಣದಲ್ಲಿಯೇ. ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿ ವಿದರ್ಭಕ್ಕೆ ರಥವನ್ನು ಹಾರಿಸುತ್ತಿದ್ದಾಗ, ಆ ರಾಜನು ದಾರಿಯ ಪಕ್ಕದ ತಾರೆಮರದ ಎಲೆಗಳನ್ನೂ ಕಾಯಿಗಳನ್ನೂ ಒಂದೇ ನೋಟದಲ್ಲಿ ಎಣಿಸಿ ಹೇಳಿದ, ಎಷ್ಟೇ ಅವಸರದ ಪ್ರಯಾಣವಾದರೂ ನಳನು ರಥವನ್ನು ನಿಲ್ಲಿಸಿ, ಇಳಿದು, ಎಣಿಸಿ ನೋಡಿದ, ಲೆಕ್ಕ ಸರಿಯಿತ್ತು. ಅಕ್ಷಹೃದಯವೆಂಬ ಆ ವಿದ್ಯೆಯನ್ನು ಋತುಪರ್ಣನಿಂದ ಪಡೆದು, ಪ್ರತಿಯಾಗಿ ಅಶ್ವಹೃದಯವನ್ನು ಕೊಡುವೆನೆಂದ. ವಿದ್ಯೆ ಒಳಹೊಕ್ಕೊಡನೆ, ಅದುವರೆಗೆ ಅವನನ್ನು ಹೊಕ್ಕು ಕಾಡುತ್ತಿದ್ದ ಕಲಿಪುರುಷನು ಅವನ ದೇಹವನ್ನು ಬಿಟ್ಟು ಹೊರಬಿದ್ದ. ಪ್ರಾಚೀನರು ಆಡುತ್ತಿದ್ದ ದಾಳಗಳೇ ಆ ಮರದ ಕಾಯಿಗಳೆಂಬುದನ್ನು ನೆನೆದರೆ ಕಥೆಯ ಔಚಿತ್ಯ ಇಮ್ಮಡಿಯಾಗುತ್ತದೆ. ದ್ಯೂತವನ್ನು ತೊರೆದುದರಿಂದಲ್ಲ, ದ್ಯೂತದ ಗಣಿತವನ್ನು ಅರಿತುದರಿಂದ ಕಲಿ ತೊಲಗಿದನೆಂದು ವ್ಯಾಸರು ಬರೆದರಲ್ಲ, ಆ ಧೈರ್ಯಕ್ಕೆ ನಾನು ಮಣಿಯುತ್ತೇನೆ.

ಕೆ.ಜಿ.ಎಫ್.ನ ನೆಲಕ್ಕೂ ಇಂಥ ಒಂದು ಕಥೆಯಿದೆ. 1880ರಲ್ಲಿ ಆರಂಭವಾದ ಮೈಸೂರು ಗಣಿಯ ಕಂಪನಿ ಮೂರು ವರ್ಷ ಅಗೆದು ಏನೂ ಕಾಣದೆ, ಬಂಡವಾಳ ಬಹುಪಾಲು ಕರಗಿ, ಪಾಲುದಾರರು ಅಂಗಡಿ ಮುಚ್ಚಲು ಹೊರಟಿದ್ದರು. ಉಳಿದ ಅಲ್ಪ ಹಣದಲ್ಲಿ ಇನ್ನೊಮ್ಮೆ ನೋಡೋಣವೆಂದು ಜಾನ್ ಟೇಲರ್ ಸಂಸ್ಥೆಯವರು ಒಪ್ಪಿಸಿದರು. ಕ್ಯಾಪ್ಟನ್ ಪ್ಲಮರ್ ಎಂಬಾತ ಬಂದು, ಹಿಂದಿನ ಕಾಲದ ನಾಡಿಗರು ಅಗೆದು ಬಿಟ್ಟಿದ್ದ ಹಳೆಯ ಗುಂಡಿಗಳ ಜಾಡು ಹಿಡಿದು ಇಳಿದಾಗ ಚಾಂಪಿಯನ್ ಪದರ ಸಿಕ್ಕಿತು. ಇದನ್ನು ಅದೃಷ್ಟವೆಂದು ಬರೆದವರುಂಟು. ಅವನಿಗಿಂತ ಮುಂಚೆ ಅಲ್ಲಿ ಅಗೆದವರು ಬಿಟ್ಟ ಗುರುತುಗಳನ್ನು ಓದಿದವನ ಚಾತುರ್ಯವೆಂದು ನಾನು ಹೇಳುತ್ತೇನೆ. ಬಿದ್ದ ಎಲೆಗಳನ್ನು ಓದುವವನೂ ಮಾಡುವುದು ಅದನ್ನೇ.

ಆ ದುರ್ದಶೆಯ ದಿನಗಳ ಕೈಗಳಲ್ಲಿ ಒಂದು ಮಾತ್ರ ಎಲೆಯೆಲೆಯಾಗಿ ನೆನಪಿದೆ. ಬೆಂಗಳೂರಿನಿಂದ ಮರಳುವಾಗ ಗಾಡಿ ಟೇಕಲ್ಲಿನ ಬಳಿ ನಿಂತು ಕದಲಲೊಲ್ಲದು. ಹೊರಗೆ ಮಳೆ, ಅದರಾಚೆ ಆ ಊರಿನ ಬಂಡೆಗುಡ್ಡಗಳ ಕಪ್ಪು. ಒಣಗಿ ದಪ್ಪಗಾದ ಅವೇ ಎಲೆಗಳು. ನೂರೊಂದು ತಲುಪಿದವನು ಹೊರಬೀಳುವ ಆಟದಲ್ಲಿ ನನ್ನ ತಲೆಯ ಮೇಲೆ ಆಗಲೇ 82. ಮೊದಲ ಸುತ್ತಿನಲ್ಲೇ ಡ್ರಾಪ್ ಮಾಡಿದರೆ 20, ನಡುವೆ ಬಿಟ್ಟರೆ 40, ಏನೂ ಕೂಡದೆ ಸಿಕ್ಕಿಬಿದ್ದರೆ 80. ಯಾವುದಾದರೂ ನಾನು ಹೊರಕ್ಕೆ. ಉಳಿಯಬೇಕಾದರೆ ಗೆಲ್ಲಬೇಕು, ಇಲ್ಲವೇ ಹದಿನೆಂಟರೊಳಗೆ ಸೋಲಬೇಕು. ಎತ್ತಿದ ಕೈಯಲ್ಲಿ ಜೋಕರಿಲ್ಲ. ಕಳಾವರ ನಾಲ್ಕು, ಐದು, ಆಟೀನು ಎಂಟು, ಒಂಬತ್ತು, ಇಸ್ಪೀಟಿನದೂ ಡೈಮಂಡಿನದೂ ಮೂರು, ಇಸ್ಪೀಟು ಎರಡು, ಉಳಿದ ಆರೂ ತಲಾ ಹತ್ತು ಪಾಯಿಂಟಿನ ಭಾರದ ಬಿಡಿ ಎಲೆಗಳು.

ಗೆಲುವಿನ ಆಸೆಯನ್ನು ಅಲ್ಲಿಯೇ ಬಿಟ್ಟೆ. ಬಿಟ್ಟೊಡನೆ ಕೈ ಸ್ಪಷ್ಟವಾಗಿ ಕಾಣಿಸಿತು. ಯಜಮಾನರು ಮೊದಲ ಸುತ್ತಿಗೇ ಇಸ್ಪೀಟಿನ ರಾಣಿಯನ್ನು ಕೆಳಗಿಟ್ಟಿದ್ದರಿಂದ ರಾಜನನ್ನು ಹೆಚ್ಚು ಭಯವಿಲ್ಲದೆ ಕಳಿಸಿದೆ. ಆಮೇಲೆ ಸುತ್ತಿಗೊಂದರಂತೆ, ಯಾರು ಏನನ್ನು ಎತ್ತುವುದಿಲ್ಲವೆಂದು ನೋಡಿ ನೋಡಿ, ಭಾರದ ಎಲೆಗಳನ್ನು ಇಳಿಸುತ್ತ ಬಂದೆ. ಕಳಾವರ ಆರು ಮುಚ್ಚಿದ ಕಟ್ಟಿನಿಂದಲೇ ಬಂತು, ಶುದ್ಧ ಸೀಕ್ವೆನ್ಸಾಯಿತು. ಆಟೀನು ಏಳನ್ನು ನನ್ನ ಎಡಗಡೆಯವರು ಬಹಳ ಹೊತ್ತು ಹಿಡಿದಿದ್ದು ಕೊನೆಗೆ ಬೇಸತ್ತು ಬಿಟ್ಟರು. ಎರಡನೆಯ ಸೀಕ್ವೆನ್ಸೂ ಆಯಿತು. ಆಟೀನಿನ ಮೂರು ಬಂದು ಮೂರರ ಸೆಟ್ಟು ಕೂಡಿತು. ನಡುನಡುವೆ ಬಂದ ಡೈಮಂಡಿನ ಎರಡು, ಆಟೀನಿನ ನಾಲ್ಕು, ಡೈಮಂಡಿನ ನಾಲ್ಕು, ಇವು ಯಾತಕ್ಕೂ ಬಾರದವಾದರೂ ಹಗುರವಾದವೆಂಬ ಒಂದೇ ಕಾರಣಕ್ಕೆ ಉಳಿಸಿಕೊಂಡೆ. ಕಡೆಯ ಭಾರದ ಎಲೆ ಆಟೀನಿನ ಎಕ್ಕ. ಅದನ್ನು ಕೆಳಗಿಟ್ಟು ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಯಜಮಾನರು ಕಟ್ಟಿನಿಂದ ಒಂದು ಎಲೆ ಎತ್ತಿ, ತಮ್ಮ ಕೈಯನ್ನು ಮೂರು ಬಾರಿ ನೋಡಿಕೊಂಡು, ‘ಶೋ’ ಎಂದರು.

ಎಲೆಗಳನ್ನು ಟವೆಲಿನ ಮೇಲೆ ಹರಡಿದೆ. ಎರಡು, ಎರಡು, ನಾಲ್ಕು, ನಾಲ್ಕು: ಹನ್ನೆರಡು. ಲೆಕ್ಕ ಬರೆಯುವವರು ನನ್ನ ಹೆಸರಿನ ಕೆಳಗೆ 94 ಎಂದು ಬರೆದರು. ಗೆದ್ದ ಅನೇಕ ಕೈಗಳು ಮರೆತುಹೋಗಿವೆ, ಈ ಸೋಲಿನಷ್ಟು ಸಂತೋಷವನ್ನು ಅವು ಯಾವುವೂ ಕೊಟ್ಟಿರಲಿಲ್ಲ. ಯಜಮಾನರು ನನ್ನ ಎಲೆಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಯಾವುದನ್ನು ಯಾವಾಗ ಬಿಟ್ಟೆನೆಂದು ಕೆಳಗಿನ ರಾಶಿಯಲ್ಲಿ ಒಂದೊಂದಾಗಿ ತೆಗೆದು ನೋಡಿದರು; ಜಾಕಿಯನ್ನು ರಾಣಿಗಿಂತ ಮುಂಚೆ ಕಳಿಸಬೇಕಿತ್ತೇ ಎಂಬುದರ ಮೇಲೆ ನಮಗಿಬ್ಬರಿಗೂ ದೀರ್ಘವಾದ ಚರ್ಚೆ ನಡೆಯಿತು. ಮುಂದಿನ ಕೈಯಲ್ಲಿ ನಾನು 101ನ್ನು ದಾಟಿ ಹೊರಬಿದ್ದೆ. ಗಾಡಿ ಬಂಗಾರಪೇಟೆ ಸೇರಿದಾಗ ವಡೆಯ ಅಂಗಡಿಗಳೆಲ್ಲ ಮುಚ್ಚಿದ್ದರಿಂದ, ನಿಲ್ದಾಣದ ಹೊರಗೆ ಇನ್ನೂ ದೀಪವಿದ್ದ ಒಂದು ಗಾಡಿಯ ಬಳಿ ಎಲ್ಲರಿಗೂ ಆ ಊರಿನ ಪಾನಿಪೂರಿಯನ್ನು, ನೀರಿನಷ್ಟೇ ತಿಳಿಯಾಗಿ ಕಂಡು ಗಂಟಲಿಗಿಳಿದೊಡನೆ ಖಾರವಾಗುವ ಆ ಪಾನಿಯೊಡನೆ, ನಾನೇ ಕೊಡಿಸಿದೆ.