ಕಬ್ಬಿಣದ ಕೆಲಸಕ್ಕೆ ಮೂರು ಊರು

ಕೊಲ್ಹಾಪುರಕ್ಕೆ ಹೋಗಿಬಂದವರು ಮಹಾಲಕ್ಷ್ಮಿಯ ದರ್ಶನವನ್ನು, ರಂಕಾಳ ಕೆರೆಯ ಸಂಜೆಯನ್ನು, ಪನ್ಹಾಳಗಡದ ಗಾಳಿಯನ್ನು ವರ್ಣಿಸುವದು ವಾಡಿಕೆ. ಬರುವಾಗ ಒಂದು ಜೊತೆ ಚಪ್ಪಲಿ, ಒಂದು ಪೆಂಟಿ ಬೆಲ್ಲ ತಂದರೆ ಪ್ರವಾಸ ಸಫಲವಾಯಿತೆಂದೇ ಲೆಕ್ಕ. ಈ ಸಲ ನಾವು ಇವೆಲ್ಲವನ್ನೂ ಬದಿಗಿಟ್ಟು, ಕಬ್ಬಿಣದ ಬೆನ್ನು ಹತ್ತಿ ಗಡಹಿಂಗ್ಲಜ, ಕೊಲ್ಹಾಪುರ, ಇಚಲಕರಂಜಿ ಎಂಬ ಮೂರು ಊರುಗಳನ್ನು ಸುತ್ತಿ ಬಂದೆವು. ಗಡಿಯಾಚೆ ನೆಲೆಸಿದ ನಮ್ಮ ಕುಟುಂಬಗಳಿಗೆ ಈ ಊರುಗಳ ಹೆಸರು ಹೊಸದಲ್ಲ. ಆದರೆ ಅಲ್ಲಿಯ ಕಾರಖಾನೆಗಳ ಓಣಿಗಳಲ್ಲಿ ನಡೆಯುವ ಕೆಲಸವನ್ನು ನಿಂತು ನೋಡಿದವರು ಕಡಿಮೆಯೆಂದು ತೋರುವದರಿಂದ ವಾಚಕರ ಮುಂದೆ ಈ ಬರಹವನ್ನಿಡುತ್ತಿದ್ದೇವೆ.

ಪ್ರವಾಸದ ಕಾರಣ ಇಷ್ಟು. ನಮ್ಮ ಶಾಲೆಯಲ್ಲಿ ಓದಿದ ತರುಣನೊಬ್ಬನು ಗುತ್ತಿಗೆದಾರರೊಬ್ಬರಿಂದ ಹಳೆಯ ಸಣ್ಣ ಬುಲ್‌ಡೋಜರೊಂದನ್ನು ಕೊಂಡಿದ್ದನು. ಪತಸಂಸ್ಥೆಯ ಸಾಲ, ತಾಯಿಯ ಬಂಗಾರ ಎರಡೂ ಅದರಲ್ಲಿ ಸೇರಿದ್ದವು. ಗಡಹಿಂಗ್ಲಜ ತಾಲೂಕಿನ ಮೂಡಣ ಭಾಗದ ನೂಲ, ಹಲಕರ್ಣಿ, ಬಸರ್ಗೆಗಳ ಸುತ್ತಿನ ಹೊಲಗಳು ಎಲ್ಲವೂ ಸಮತಟ್ಟಲ್ಲ. ಇಳಿಜಾರಿನಲ್ಲಿ ಒಡ್ಡು ಹಾಕಬೇಕು, ಮೊರಂ ಕೆದರಬೇಕು, ಹೊಲದ ಬದಿಯ ಮುಳ್ಳುಕಂಟಿ ಕೀಳಬೇಕು. ಇವನ ಯಂತ್ರಕ್ಕೋ ಮುಂದೆ ನೇರವಾದ ಒಂದು ಬ್ಲೇಡು ಮಾತ್ರ. ಅದು ಮೆದುವಾದ ಮಣ್ಣನ್ನು ತಳ್ಳಬಲ್ಲುದೇ ಹೊರತು ಗಟ್ಟಿ ಮೊರಮಿನ ಮೇಲೆ ಜಾರುವದು. ಹೀಗಾಗಿ ವರುಷದಲ್ಲಿ ಕೆಲವೇ ವಾರ ದುಡಿಮೆ. ಉಳಿದ ದಿನ ಯಂತ್ರ ಬೇವಿನ ಮರದ ಕೆಳಗೆ ನಿಂತಿರುವದು, ಬಡ್ಡಿ ಮಾತ್ರ ನಡೆದಿರುವದು. ಕಂಪನಿಯ ಹೊಸ ಜೋಡಣೆಗಳನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಯಂತ್ರ ಮಾರಿ ಪುಣೆಯ ಕಡೆಗೆ ಹೋಗಬೇಕೆ, ಇಲ್ಲವೆ ಬೇಕಾದುದನ್ನು ನಮ್ಮ ಕಡೆಯ ಮೇಸ್ತ್ರಿಗಳಿಂದಲೇ ಮಾಡಿಸಬೇಕೆ ಎಂದು ಅವನು ಕೇಳಲು ಬಂದಾಗ ನಾವು, ಮಾಡಿಸಿ ನೋಡೋಣವೆಂದು ಅವನೊಡನೆ ಹೊರಟೆವು. ತರಬೇತಿಯ ಕಾಲದಲ್ಲಿ ‘ಮಾಡಿ ಕಲಿ’ ಎಂಬ ಮಾತನ್ನು ನಮಗೆ ಸಾಕಷ್ಟು ಬೋಧಿಸಿದ್ದರು. ಅದನ್ನು ಕಣ್ಣಾರೆ ಕಾಣುವ ಆಸೆಯೂ ಇತ್ತು.

ಮೊದಲ ದಿನ ಗಡಹಿಂಗ್ಲಜ. ಆಂಬೋಲಿಯ ಕಡೆಯಿಂದ ಬರುವ ಹಿರಣ್ಯಕೇಶಿಯ ದಂಡೆಯ ಈ ಊರು ಮೆಣಸಿನಕಾಯಿಯ ಪೇಟೆಗೂ ಕಾಲ್ಚೆಂಡಾಟಕ್ಕೂ ಹೆಸರಾದುದು. ಸಂಕೇಶ್ವರದ ದಾರಿಯ ಬದಿಯಲ್ಲಿ ಒಂದು ತಗಡಿನ ಚಪ್ಪರ. ಅದರೊಳಗೆ ಅರವತ್ತು ದಾಟಿದ ಮೇಸ್ತ್ರಿ. ಮನೆಯ ಮಾತು ಕನ್ನಡ, ಗಿರಾಕಿಯ ಮಾತು ಮರಾಠಿ, ಬೈಗುಳು ಎರಡರಲ್ಲಿಯೂ. ಟ್ರ್ಯಾಲಿ, ರೆಂಟೆ, ಕಬ್ಬಿನ ಸಾಲು ಬಿಡುವ ಸಾಧನ ಇವೆಲ್ಲ ಅವರ ಕೈಯಲ್ಲಿ ಹುಟ್ಟುತ್ತವೆ. ಲಾರಿಯ ಮೇಲೆ ಬಂದಿಳಿದ ಯಂತ್ರವನ್ನು ಅವರು ಒಂದು ತಾಸು ಸುತ್ತಿ ಸುತ್ತಿ ನೋಡಿದರು. ತರುಣನು ಹಿಂಭಾಗಕ್ಕೆ ಮೂರು ಹಲ್ಲಿನ ರಿಪ್ಪರು ಬೇಕೆಂದನು.

“ಮೂರು ಹಲ್ಲು ದೊಡ್ಡ ಯಂತ್ರಕ್ಕೆ ಪಾಡ, ತಮ್ಮಾ. ನಿನ್ನದು ಸಣ್ಣದು. ಅದರ ಭಾರ ಮೂರೂ ಹಲ್ಲಿಗೆ ಹಂಚಿ ಹೋದರ ಒಂದೂ ನೆಲದಾಗ ಇಳಿಯೂದಿಲ್ಲ. ಒಂದ ಹಲ್ಲು ಹಾಕೂಣು, ಎಲ್ಲಾ ಭಾರ ಅದರ ಮ್ಯಾಲೆ ಕೂಡತೈತಿ,” ಎಂದರು ಮೇಸ್ತ್ರಿ.

ಸೂಜಿ ಚುಚ್ಚುವದು ಸುಲಭ, ಸೌಟು ಚುಚ್ಚುವದು ಕಷ್ಟ ಎಂದು ನಾವು ಒತ್ತಡದ ಪಾಠದಲ್ಲಿ ಹೇಳುವದು ಇದನ್ನೇ. ಮೇಸ್ತ್ರಿಯವರು ಸೀಮೆಸುಣ್ಣದಿಂದ ನೆಲದ ಮೇಲೆಯೇ ನಕ್ಷೆ ಬರೆದರು. ಬ್ಲೇಡಿನ ಚೌಕಟ್ಟಿಗೆ ನಡುವೆ ಒಂದು ತಿರುಗಣೆ, ಎಡಕ್ಕೂ ಬಲಕ್ಕೂ ತೂತುಗಳು. ಪಿನ್ನು ಕಿತ್ತು ಬೇರೆ ತೂತಿಗೆ ಹಾಕಿದರೆ ಬ್ಲೇಡು ಓರೆಯಾಗಿ ನಿಲ್ಲುವದು. ನೇರ ಬ್ಲೇಡು ಮಣ್ಣನ್ನು ಮುಂದೆ ಗುಡ್ಡೆ ಹಾಕಿದರೆ, ಓರೆ ಬ್ಲೇಡು ಬದಿಗೆ ಸುರಿಯುತ್ತ ಹೋಗುವದು; ಒಡ್ಡು ಹಾಕಲು, ಕಾಲುವೆ ಮುಚ್ಚಲು ಇದೇ ಬೇಕು. ಹಿಂದೆ ರಿಪ್ಪರು ಬಂದರೆ ಮುಂಭಾರಕ್ಕೆ ಸಮತೋಲವೂ ಒದಗುವದು. ನಾವು ತಕ್ಕಡಿಯ ಲೆಕ್ಕ ಹಾಕಿ ನೋಡಿದೆವು: ಆಧಾರದಿಂದ ಒಂದು ಮೀಟರು ಹಿಂದಿರುವ 150 ಕಿಲೋ, ಒಂದೂವರೆ ಮೀಟರು ಮುಂದಿರುವ 100 ಕಿಲೋವನ್ನು ತೂಗಿಸುತ್ತದೆ. ಲೆಕ್ಕವಿಲ್ಲದೆಯೇ ಮೇಸ್ತ್ರಿಯವರು ಆ ಜಾಗವನ್ನೇ ಗುರುತು ಮಾಡಿದ್ದರು.

ಇಷ್ಟಾದ ಮೇಲೆ ಅವರು ಯಂತ್ರದ ಆಸನದ ಕಡೆ ಕೈ ಮಾಡಿ, ಮೇಲೆ ಚೌಕಟ್ಟು ಎಲ್ಲಿ ಎಂದು ಕೇಳಿದರು. ಯಂತ್ರ ಮಗುಚಿದರೆ ಚಾಲಕನು ಅಪ್ಪಚ್ಚಿಯಾಗದಂತೆ ಕಾಯುವ ಉಕ್ಕಿನ ಚೌಕಟ್ಟನ್ನು ಹಿಂದಿನ ಯಾರೋ ಕಿತ್ತು ಹಾಕಿದ್ದರು. ತರುಣನು ಅದನ್ನು ಮುಂದಿನ ವರುಷ ನೋಡಿದರಾಯಿತೆಂದನು. ಮೇಸ್ತ್ರಿಯವರು ಒಪ್ಪಲಿಲ್ಲ. ಇಳಿಜಾರಿನಲ್ಲಿ ದುಡಿಯುವ ಯಂತ್ರಕ್ಕೆ ಅದು ಮೊದಲು, ಹಲ್ಲು ಆಮೇಲೆ ಎಂದರು. ಹಾಗಾದರೆ ನೀವೇ ಕೊಳವೆ ಬೆಸೆದು ಮಾಡಿಕೊಡಿರೆಂದರೆ ಅದಕ್ಕೂ ತಲೆಯಾಡಿಸಿದರು.

“ಹಲ್ಲು ಮುರದರ ಮತ್ತ ಬೆಸೀಬಹುದು, ಮಾಸ್ತರ. ಇದು ಜೀವದ ಕೆಲಸ. ಊಹೆ ಮ್ಯಾಲೆ ನಾ ಮಾಡಾಂವಲ್ಲ. ಇದ ಮಾದರಿಯ ಯಂತ್ರ ಗುಜರಿಗೆ ಬಂದಿದ್ದರ, ಕಂಪನಿಯ ಚೌಕಟ್ಟು ಬಿಚ್ಚಿ ತರ್ರಿ.”

ಕೈಯಲ್ಲಿದ್ದ ಹಣದಲ್ಲಿ ಎಲ್ಲವೂ ಆಗುವಂತಿರಲಿಲ್ಲ. ತರುಣನ ಮುಖ ಬಾಡಿತು. ಬೇಕಾದ ವಸ್ತುಗಳ ಪಟ್ಟಿಯೊಂದಿಗೆ ಮರುದಿನ ಬೆಳಿಗ್ಗೆ ನಾವು ಕೊಲ್ಹಾಪುರದ ದಾರಿ ಹಿಡಿದೆವು.

ನಾವು ಹಿಡಿದ ದಾರಿ ಗಡಿಯವರಾದ ನಮಗೆ ಚಿರಪರಿಚಿತ. ಮಹಾರಾಷ್ಟ್ರದ ತಾಲೂಕು ಸ್ಥಳದಿಂದ ಹೊರಟು ಕರ್ನಾಟಕದ ಸಂಕೇಶ್ವರಕ್ಕೆ ಬಂದು, ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ, ಕೋಗನೊಳ್ಳಿಯ ಆಚೆ ದೂಧಗಂಗೆಯನ್ನು ಹಾಯ್ದು ಕಾಗಲದಲ್ಲಿ ಮತ್ತೆ ಮಹಾರಾಷ್ಟ್ರವನ್ನು ಸೇರಬೇಕು. 1956ರಲ್ಲಿ ಎಳೆದ ಗೆರೆಯನ್ನು ಕಬ್ಬಾಗಲಿ ಕಬ್ಬಿಣವಾಗಲಿ ಲೆಕ್ಕಿಸಿದಂತಿಲ್ಲ. ಗೆರೆಗೂ ಮುಂಚಿನ ನಿದರ್ಶನವನ್ನೇ ನೋಡಿರಿ: ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು.

ಕೊಲ್ಹಾಪುರಕ್ಕೆ ಮಿರಜದಿಂದ ರೈಲು ಬಂದದ್ದು 1891ರಲ್ಲಿ. ಶಾಹೂ ಮಹಾರಾಜರ ಕಾಲದಲ್ಲಿ, 1906ರಲ್ಲಿ, ಬಟ್ಟೆಯ ಗಿರಣಿ ಸ್ಥಾಪನೆಯಾಯಿತು. ಕಬ್ಬಿನ ಗಾಣ, ಬೆಲ್ಲದ ಕಡಾಯಿ, ನದಿಯಿಂದ ನೀರೆತ್ತುವ ಎಣ್ಣೆಯ ಎಂಜಿನ್ನು ಇವುಗಳ ರಿಪೇರಿಯಿಂದ ಇಲ್ಲಿಯ ಕೈಗಳು ಪಳಗಿದವು. ಬೇರೆ ಕಡೆಯ ಯಂತ್ರವನ್ನು ಬಿಚ್ಚಿ ನೋಡಿ ತಾವೇ ಮಾಡುವ ಛಲ ಈ ಊರಿಗೆ ಹಳೆಯದು. ಕಲಾವಿದರಾದ ಬಾಬುರಾವ ಪೇಂಟರರು ಚಲನಚಿತ್ರದ ಕ್ಯಾಮೆರಾವನ್ನೇ ಇಲ್ಲಿ ಕೈಯಾರೆ ಮಾಡಿಸಿದರು. ಜೊತೆಗೂಡಿದ್ದ ಸೋದರಬಂಧು ಆನಂದರಾವ ಪೇಂಟರರು ನಡುವೆಯೇ 1916ರಲ್ಲಿ ತೀರಿಕೊಂಡರೂ ಕೆಲಸ ಬಿಡದೆ, ದಾಮ್ಲೆಯವರ ನೆರವಿನಿಂದ 1918ರಲ್ಲಿ ಪೂರೈಸಿದರು. ‘ಸೈರಂಧ್ರಿ’ ಎಂಬ ಅವರ ಮೂಕಚಿತ್ರ 1920ರಲ್ಲಿ ತೆರೆಗೆ ಬಂದಿತು.

ಇಂದು ಶಿವಾಜಿ ಉದ್ಯಮನಗರದ ಓಣಿಗಳಲ್ಲಿ ಅಂಗಡಿಗೊಂದು ಲೇಥು. ಒಬ್ಬನು ಹಲ್ಲುಗಾಲಿ ಮಾತ್ರ ಕೊರೆಯುವನು, ಇನ್ನೊಬ್ಬನು ಸಾಣೆ ಮಾತ್ರ ಹಿಡಿಯುವನು, ಮೂರನೆಯವನು ಹದ ಕೊಡುವನು. ಒಂದು ವಸ್ತು ಏಳು ಬಾಗಿಲು ತಿರುಗಿ ಸಿದ್ಧವಾಗುವದು. ದೊಡ್ಡ ಎರಕದ ಕಾರಖಾನೆಗಳು ಶಿರೋಲಿ, ಗೋಕುಲ ಶಿರಗಾವಗಳಲ್ಲಿವೆ. ಎರಕದ ಮನೆಯೊಂದರಲ್ಲಿ ಮರದ ಅಚ್ಚು ಮಾಡುವವರ ಅಳತೆಪಟ್ಟಿ ನಮ್ಮನ್ನು ಬಹಳ ಸೆಳೆಯಿತು. ಕರಗಿದ ಬೀಡು ಆರುವಾಗ ಕುಗ್ಗುವದರಿಂದ ಅಚ್ಚು ಮೀಟರಿಗೆ ಸುಮಾರು 10 ಮಿಲಿಮೀಟರು ಹೆಚ್ಚಿರಬೇಕು. ಅದಕ್ಕಾಗಿ ಅವರ ಪಟ್ಟಿಯ ಗೆರೆಗಳನ್ನೇ ಅಷ್ಟು ಹಿಗ್ಗಿಸಿ ಕೊರೆದಿರುತ್ತಾರೆ. ರಿಪ್ಪರಿನ ಮೊನೆಯನ್ನು ಇಲ್ಲಿಯೇ ಎರೆಯಬಹುದೇ ಎಂದು ಕೇಳಿದೆವು. ಅಲ್ಲಿಯ ಹಿರಿಯರು, ತಮ್ಮದು ಬೀಡಿನ ಎರಕ. ಬೀಡು ಭಾರ ಹೊರುವದು, ಪೆಟ್ಟು ತಾಳದು. ಕಲ್ಲಿಗೆ ತಾಗಿದರೆ ಸಿಡಿಯುವದು, ಆದುದರಿಂದ ಮೊನೆಯನ್ನೂ ಬ್ಲೇಡಿನ ಕೆಳಗಿನ ಕತ್ತರಿ ಪಟ್ಟಿಯನ್ನೂ ಸಿದ್ಧ ಉಕ್ಕಿನವನ್ನೇ ಕೊಂಡು ಬೋಲ್ಟು ಹಾಕಿರಿ ಎಂದು ತಿಳಿಸಿದರು. ಬಂದ ಕೆಲಸವನ್ನು ಹೀಗೆ ಬೇಡವೆಂದ ಅವರಿಗೆ ನಾವು ಕೈಮುಗಿದೆವು.

ಗುಜರಿಯ ಅಂಗಳಗಳಲ್ಲಿ ಅರ್ಧ ದಿನ ಅಲೆದ ಮೇಲೆ ಅದೇ ಮಾದರಿಯ ಯಂತ್ರದ ಚೌಕಟ್ಟೊಂದು ದೊರೆಯಿತು. ಬಾಗಿರಲಿಲ್ಲ, ಬಿರುಕು ಬಿಟ್ಟಿರಲಿಲ್ಲ, ಕಂಪನಿಯ ತಗಡುಚೀಟಿಯೂ ಅದರ ಮೇಲಿತ್ತು. ಬೆಲೆ ಕೇಳಿ ತರುಣನು ಸುಮ್ಮನೆ ನಿಂತನು. ನಾವು ಕಾಗದ ತೆಗೆದು ಕೂಡಿಸಿದೆವು. ಮೂರು ಹಲ್ಲಿನ ಬದಲು ಒಂದೇ ಹಲ್ಲು ಎಂದಾಗ ಉಳಿಯುವ ಎರಡು ಹಲ್ಲಿನ ಉಕ್ಕು, ಬೆಸುಗೆ, ಮೊನೆಗಳ ಖರ್ಚಿಗೆ ಕಂಟಿ ಕೀಳುವ ಬಾಚಣಿಗೆಯನ್ನು ಈ ವರುಷ ಕೈಬಿಟ್ಟ ಹಣ ಸೇರಿದರೆ ಚೌಕಟ್ಟಿನ ಬೆಲೆ ಬಹುತೇಕ ಹೊಂದುತ್ತಿತ್ತು. ಅವನು ಬಹಳ ಹೊತ್ತು ಆ ಕಾಗದವನ್ನೇ ನೋಡಿದನು. “ಅವ್ವಗ ನಾ ಹೊಲಕ್ಕ ಹ್ವಾದರ ರಾತ್ರಿತನಕಾ ಊಟ ಸೇರೂದಿಲ್ಲ, ಸರ,” ಎಂದು ಹಣ ಎಣಿಸಿ ಕೊಟ್ಟನು.

ಮೂರನೆಯ ದಿನ ಹಾತಕಣಂಗಲೆಯ ಮೇಲಿಂದ ಇಚಲಕರಂಜಿ. ವಿಠ್ಠಲರಾವ ದಾತಾರರು 1904ರಲ್ಲಿ ಇಲ್ಲಿ ಮೊದಲ ಯಂತ್ರಮಗ್ಗವನ್ನು ತಂದರೆಂಬುದು ಊರಿನ ಇತಿಹಾಸದ ಮೊದಲ ಪಾಠ. 2022ರಲ್ಲಿ ಮಹಾನಗರಪಾಲಿಕೆಯಾದ ಈ ಊರಿನಲ್ಲಿ ಮಗ್ಗದ ಖಟಖಟ ಸದ್ದು ಬೀದಿಯುದ್ದಕ್ಕೂ ಬೆನ್ನಟ್ಟಿ ಬರುವದು; ಆ ಸದ್ದಿನ ನಡುವೆ ಕನ್ನಡದ ಮಾತೂ ಕಿವಿಗೆ ಬೀಳುವದು. ಬರಿಯ ಮಗ್ಗದ ನೆತ್ತಿಯ ಮೇಲೆ ಡಾಬಿಯನ್ನು ಕೂಡಿಸಿದರೆ ಅದೇ ಮಗ್ಗ ಅಂಚಿನಲ್ಲಿ ಚಿತ್ತಾರ ನೇಯುವದು. ಜೋಡಣೆಯಿಂದ ಯಂತ್ರದ ಬಾಳು ಹಿಗ್ಗುವ ಬಗೆಯನ್ನು ಇಲ್ಲಿಯ ಮಕ್ಕಳು ಮನೆಯಲ್ಲಿಯೇ ಕಾಣುತ್ತಾರೆ.

ನಮ್ಮ ಕೆಲಸ ಪಿನ್ನು, ಬುಷ್‌ಗಳದು. ಲೇಥಿನವರು ಮೇಸ್ತ್ರಿಯ ಚೀಟಿ ನೋಡಿ, ಪಿನ್ನು ಗಟ್ಟಿ ಉಕ್ಕಿನದು, ಬುಷ್ ಅದಕ್ಕಿಂತ ಮೆದುವಾದ ಕಂಚಿನದು ಎಂದು ನಿರ್ಣಯಿಸಿದರು. ಸವೆಯುವದಾದರೆ ಬದಲಿಸಲು ಸುಲಭವಾದುದೇ ಸವೆಯಲಿ ಎಂಬುದು ಅವರ ನ್ಯಾಯ. ಗುಜರಿಯ ಉಕ್ಕನ್ನು ಸಾಣೆಗೆ ಹಿಡಿದು ಕಿಡಿಯ ಮೇಲಿಂದ ಅದರ ಜಾತಿ ಹೇಳಿದರು. ಕಿಡಿಗಳು ತುದಿಯಲ್ಲಿ ಹೂವಿನಂತೆ ಒಡೆದರೆ ಇಂಗಾಲ ಹೆಚ್ಚು, ಉದ್ದಗೆರೆಯಾಗಿ ಹೋದರೆ ಕಡಿಮೆ. ಇದನ್ನೇ ಅಂಕಿಗಳಲ್ಲಿ ಅಳೆಯುವ, ಲೋಹದ ಗಡಸುತನ ಮತ್ತು ಎಳೆತದ ಬಲ ಪರೀಕ್ಷಿಸುವ ಯಂತ್ರಗಳು ಇದೇ ಊರಿನ ಫ್ಯುಯೆಲ್ ಇನ್‌ಸ್ಟ್ರುಮೆಂಟ್ಸ್ ಅಂಡ್ ಇಂಜಿನಿಯರ್ಸ್ ಸಂಸ್ಥೆಯಲ್ಲಿ ತಯಾರಾಗುತ್ತವೆಂಬುದು ವಾಚಕರಿಗೆ ತಿಳಿದಿರಲಿ.

ಮರಳಿ ಗಡಹಿಂಗ್ಲಜಕ್ಕೆ ಬಂದ ಮೇಲೆ ಕೆಲಸ ಎಂಟು ದಿನ ನಡೆಯಿತು. ರಜೆಯ ದಿನ ನಾವು ಹಿರಿಯ ತರಗತಿಯ ಕೆಲವು ಮಕ್ಕಳನ್ನೂ ಕರೆದೊಯ್ದೆವು. ರಿಪ್ಪರಿನ ದಪ್ಪ ಉಕ್ಕನ್ನು ಬೆಸೆಯುವ ಮುನ್ನ ಮೇಸ್ತ್ರಿಯವರು ಅದನ್ನು ಬೆಂಕಿಯಿಂದ ಕಾಯಿಸಿದರು. ಬೆಸುಗೆಯ ಕಡ್ಡಿಗಳನ್ನೂ ಬಿಸಿಯಲ್ಲಿ ಒಣಗಿಸಿದರು. ಬೆಸೆದ ನಂತರ ಬೂದಿಯಲ್ಲಿ ಹುಗಿದು ಮೆಲ್ಲನೆ ಆರಗೊಟ್ಟರು. ತಣ್ಣೀರು ಎರಚಿ ಅವಸರ ಮಾಡಿದರೆ ಇಂಗಾಲ ಹೆಚ್ಚಿರುವ ಉಕ್ಕು ಬೆಸುಗೆಯ ಬದಿಯಲ್ಲಿಯೇ ಬಿರಿಯುವದು. ಒಂದೇ ಕಡೆ ಉದ್ದಕ್ಕೆ ಬೆಸೆಯದೆ ಅತ್ತ ಇಷ್ಟು, ಇತ್ತ ಇಷ್ಟು ಹಾಕಿದ್ದರಿಂದ ಚೌಕ ಸೊಟ್ಟಾಗಲಿಲ್ಲ. ಹೈಡ್ರಾಲಿಕ್ ಎಣ್ಣೆಯ ಕವಾಟಕ್ಕೆ ಎರಡನೆಯ ಹಿಡಿಕೆ ಸೇರಿತು. ಒತ್ತಡ ತಡೆಯುವ ಕವಾಟವನ್ನು ಇನ್ನಷ್ಟು ಬಿಗಿದರೆ ಬಲ ಹೆಚ್ಚುವದಲ್ಲವೆ ಎಂದು ಒಬ್ಬ ಹುಡುಗನು ಕೇಳಿದಾಗ ಮೇಸ್ತ್ರಿಯವರು, ಅದು ಅಡಿಗೆಮನೆಯ ಕುಕ್ಕರಿನ ಸೀಟಿಯಿದ್ದಂತೆ, ಅದನ್ನು ಅದುಮಬಾರದು ಎಂದರು. ಎತ್ತಿದ ಬ್ಲೇಡಿನ ಕೆಳಗೆ ಯಾರೂ ಕೈ ಹಾಕಬಾರದು, ಯಂತ್ರ ನಿಲ್ಲಿಸಿದೊಡನೆ ಬ್ಲೇಡು ನೆಲಕ್ಕಿಳಿಯಬೇಕು ಎಂಬ ಎರಡು ನಿಯಮಗಳನ್ನು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿದರು. ಕೊನೆಗೆ ಕಂಪನಿಯ ಚೌಕಟ್ಟನ್ನು ಮೂಲದ ತೂತುಗಳಿಗೇ ಹೊಸ ಬೋಲ್ಟು ಹಾಕಿ ಬಿಗಿದರು. ಅದರ ಮೇಲೆ ಒಂದು ತೂತನ್ನೂ ಹೊಸದಾಗಿ ಕೊರೆಯಲಿಲ್ಲ. ಆಸನಕ್ಕೆ ಪಟ್ಟಿಯನ್ನೂ ಕಟ್ಟಿಸಿದರು, ಏಕೆಂದರೆ ಪಟ್ಟಿಯಿಲ್ಲದವನು ಯಂತ್ರ ವಾಲಿದಾಗ ಚೌಕಟ್ಟಿನ ಹೊರಗೆ ಎಸೆಯಲ್ಪಟ್ಟು ಅದರಡಿಗೇ ಸಿಕ್ಕುವನು.

ಬುಲ್‌ಡೋಜರೆಂಬುದೂ ಮೊದಲಿಗೆ ಹಳ್ಳಿಯವರ ಜೋಡಣೆಯೇ. 1923ರಲ್ಲಿ ಅಮೆರಿಕದ ಕಾನ್ಸಸ್ ಸೀಮೆಯ ಮೊರೋವಿಲ್ ಎಂಬ ಹಳ್ಳಿಯಲ್ಲಿ ಕಮಿಂಗ್ಸ್ ಎಂಬ ಒಕ್ಕಲಿಗನೂ ಮ್ಯಾಕ್ಲಿಯೋಡ್ ಎಂಬ ನಕ್ಷೆಗಾರನೂ ಕೂಡಿ, ಗುಜರಿಯ ಸಾಮಾನುಗಳಿಂದ ಟ್ರ್ಯಾಕ್ಟರಿನ ಮುಂದೆ ಬ್ಲೇಡು ಕಟ್ಟಿ ಕೊಳವೆಯ ಕಾಲುವೆಗಳನ್ನು ಮುಚ್ಚಿದರು. 1925ರಲ್ಲಿ ಅವರಿಗೆ ಪೇಟೆಂಟು ದೊರೆಯಿತು. ಇಂದು ನಮ್ಮ ಕನ್ನಡನಾಡಿನ ಕೋಲಾರ ಚಿನ್ನದ ಗಣಿಯ ಊರಿನಲ್ಲಿ, 1964ರಲ್ಲಿ ಹುಟ್ಟಿದ ಭಾರತ ಅರ್ಥ್ ಮೂವರ್ಸ್ ಸಂಸ್ಥೆಯು ದೊಡ್ಡ ದೊಡ್ಡ ಬುಲ್‌ಡೋಜರುಗಳನ್ನು ಮಾಡುತ್ತಿದೆ.

ಪರೀಕ್ಷೆ ನಡೆದದ್ದು ಊರ ಮೇಲಿನ ಇಳಿಜಾರಿನಲ್ಲಿ. ಹಲ್ಲು ಇಳಿಯಿತು; ಮೊರಂ ಮೊದಲು ಮಿಸುಕಲಿಲ್ಲ, ಬಳಿಕ ಹೆಂಟೆಹೆಂಟೆಯಾಗಿ ಎದ್ದಿತು. ಹಿಂದೆಯೇ ಓರೆ ಬ್ಲೇಡು ಅದನ್ನು ಬದಿಗೆ ಸರಿಸಿ ಒಡ್ಡು ಮಾಡುತ್ತ ಹೋಯಿತು. ಒಡ್ಡಿನ ಮೇಲೆ ಸೆರಗು ಹೊದ್ದು ನಿಂತಿದ್ದ ತರುಣನ ತಾಯಿ ಯಂತ್ರದ ಹಲ್ಲನ್ನು ನೋಡಲಿಲ್ಲ. ಮಗನ ತಲೆಯ ಮೇಲಿನ ಚೌಕಟ್ಟನ್ನು ಮುಟ್ಟಿ, ಇದು ಗಟ್ಟಿ ಐತೇನ್ರಿ ಎಂದು ಮೇಸ್ತ್ರಿಯವರನ್ನು ಎರಡು ಸಲ ಕೇಳಿದರು.

ಸಾಲ ಇನ್ನೂ ತೀರಿಲ್ಲ, ಕಂತುಗಳು ಮಾತ್ರ ತಪ್ಪಿಲ್ಲ. ಯಂತ್ರ ಬೇಸಿಗೆಯುದ್ದಕ್ಕೂ ದುಡಿಯುತ್ತಿದೆ. ಬಾಚಣಿಗೆಯನ್ನು ಬರುವ ದೀಪಾವಳಿಗೆ ಮಾಡಿಸಬೇಕೆಂದಿದ್ದಾನೆ. ಮೇಸ್ತ್ರಿಯವರ ಮಕ್ಕಳಿಬ್ಬರೂ ಪಟ್ಟಣದಲ್ಲಿ ಬೇರೆ ನೌಕರಿಯಲ್ಲಿದ್ದು, ಚಪ್ಪರದ ಕೆಲಸ ತಮ್ಮೊಂದಿಗೇ ಮುಗಿಯುವದೆಂದು ಅವರು ಹೇಳುತ್ತಿದ್ದರು. ಆದರೆ ಕುಕ್ಕರಿನ ಮಾತು ಕೇಳಿಸಿಕೊಂಡ ಹುಡುಗನು ಈಗ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಾನೆ. ನಮ್ಮ ಮನೆಗಳಲ್ಲಿ ಇಂಥ ಕೈಗಳಿರುವ ಮಕ್ಕಳಿದ್ದರೆ ತಾಯಿತಂದೆಗಳು ಕೊಲ್ಹಾಪುರದ ದರ್ಶನಕ್ಕೆ ಹೋದಾಗ ಅರ್ಧ ದಿನ ಉಳಿಸಿಕೊಂಡು ಉದ್ಯಮನಗರದ ಓಣಿಯನ್ನೂ ತೋರಿಸಿ ಬರಬೇಕೆಂದು ವಿನಂತಿ.