ಎರಡೂ ಎಡಗಡೆ!

ರಜೆ ಮುಗಿಸಿ ಬೆಂಗಳೂರಿಗೆ ವಾಪಸ್ ಬಂದಾಗಲೆಲ್ಲ ಆಫೀಸಿನಲ್ಲಿ ಒಂದೇ ಪ್ರಶ್ನೆ, "ಊರಲ್ಲಿ ಏನ್ ವಿಶೇಷ?" ಲಚ್ಯಾಣದವನಾದ ನನ್ನ ಹತ್ತಿರ ಇದಕ್ಕೆ ಉತ್ತರಗಳ ಸ್ಟಾಕು ಬಹಳ ಇರೋದಿಲ್ಲ. ಲಿಂಬಿಕಾಯಿ ರೇಟು, ಮಳೆ ಬಂತೋ ಇಲ್ಲವೋ, ಸಿದ್ಧಲಿಂಗ ಮಹಾರಾಜರ ಜಾತ್ರೆ... ಅಲ್ಲಿಗೆ ಮುಗೀತು. ಈ ಸಲ ಮಾತ್ರ ಹೇಳೋದಕ್ಕೆ ಒಂದು ಕಥೆ ಇದೆ. ನನ್ನ ತಮ್ಮ ಒಂದು ವಿಡಿಯೋ ಗೇಮ್ ಪೆಟ್ಟಿಗೆ ಕಟ್ಟಿದ. ಟಿವಿಗೆ ಸಿಕ್ಕಿಸುವ ಸಣ್ಣ ಪೆಟ್ಟಿಗೆ ಅಲ್ಲ ಸ್ವಾಮಿ, ಎದುರಿಗೆ ನಿಂತು, ಕೋಲು ಹಿಡಿದು, ಗುಂಡಿ ಕುಟ್ಟಿ ಆಡುವ ಆಳೆತ್ತರದ್ದು!

ನನ್ನ ವಯಸ್ಸಿನವರಿಗೆ ಆ ಪೆಟ್ಟಿಗೆ ಅಂದರೆ ‘ಮುಸ್ತಫಾ’. ಆಟದ ಅಸಲಿ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’, ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಆಡೋದಕ್ಕೆ ನಾಲ್ಕು ಜನ: ಜ್ಯಾಕ್, ಹ್ಯಾನಾ, ಮುಸ್ತಫಾ, ಮೆಸ್. ನಮ್ಮ ದೇಶದ ಹುಡುಗರು ಉಳಿದ ಮೂವರನ್ನೂ ಪಕ್ಕಕ್ಕೆ ಸರಿಸಿ ಇಡೀ ಆಟಕ್ಕೆ ಮುಸ್ತಫಾ ಅಂತ ನಾಮಕರಣ ಮಾಡಿಬಿಟ್ಟರು :-) ನಾನು ಒಂದೊಂದು ರೂಪಾಯಿ ಹಾಕಿ ಆಡಿದ ಪೆಟ್ಟಿಗೆ ಜಪಾನಿನಿಂದ ಬಂದದ್ದೇನಲ್ಲ. ಒಳಗೆ ಹಳೇ ಟಿವಿ, ಹೊರಗೆ ಪ್ಲೈವುಡ್ಡು, ಕಪಾಟಿಗೆ ಹಚ್ಚುವ ಸನ್‌ಮೈಕಾ, ಹಿಂದೆ ಟ್ರಂಕಿಗೆ ಹಾಕುವಂಥ ಬೀಗ. ಯಾರೋ ನಮ್ಮ ಕಡೆಯ ಬಡಿಗೇರರ ಕೈಕೆಲಸ ಅದು.

ಹಾಗೆ ನೋಡಿದರೆ ಈ ಪೆಟ್ಟಿಗೆಗಳ ವಂಶವೇ ಮನೆಯಲ್ಲಿ ಮಾಡಿದ ವಂಶ. 1972ರಲ್ಲಿ ಅಮೆರಿಕದ ಅಟಾರಿಯಲ್ಲಿ ಅಲನ್ ಆಲ್ಕಾರ್ನ್ ‘ಪಾಂಗ್’ ಮಾಡಿದಾಗ, ಅಂಗಡಿಯಿಂದ ತಂದ ಹಿಟಾಚಿ ಕಪ್ಪು-ಬಿಳುಪು ಟಿವಿಯನ್ನೇ ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿದ್ದರು. ಅದನ್ನು ಸನ್ನಿವೇಲ್ ಊರಿನ ಒಂದು ಬಾರಿನಲ್ಲಿ ಇಟ್ಟರು. ಸ್ವಲ್ಪ ದಿನಕ್ಕೆ ಯಂತ್ರ ಕೆಟ್ಟಿದೆ ಅಂತ ಫೋನು ಬಂತು. ಹೋಗಿ ತೆಗೆದು ನೋಡಿದರೆ, ಒಳಗೆ ನಾಣ್ಯ ತುಂಬಿ ತುಳುಕುತ್ತಿತ್ತಂತೆ!

ಇನ್ನು ನಮ್ಮ ಮನೆಯ ವಿಷಯ. ತಮ್ಮ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅಥವಾ ಓದುತ್ತಿದ್ದ. ಹೋದ ವರ್ಷ ಐದು ಪೇಪರ್ ಉಳಿದು ಇಯರ್ ಬ್ಯಾಕ್ ಆಯಿತು. ಸಾಮಾನು ಕಟ್ಟಿಕೊಂಡು ಊರಿಗೆ ಬಂದ. ಅಪ್ಪ ಅವನಿಗೆ ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಮಾತೇ ನಿಲ್ಲಿಸಿಬಿಟ್ಟರು. "ಅವಗ ಊಟಕ್ಕ ಕರಿ" ಅಂತ ಅವ್ವನಿಗೆ ಹೇಳುವುದು, ಅವನು ಎದುರಿಗೇ ಕೂತಿರುವಾಗ. ಒಮ್ಮೆಯಾದರೂ ಕೇಳಿದ ಪ್ರಶ್ನೆ ಅಂದರೆ "ಯಾಕ ಹಿಂಗಾತು?" ಅದಕ್ಕೆ ಯಾವ ಮಗ ಏನು ಉತ್ತರ ಕೊಟ್ಟಾನು?

ನಾನು ಮನೆಯಿಂದಲೇ ಕೆಲಸ ಮಾಡೋ ಹಾಗೆ ಮೂರು ವಾರ ಊರಿಗೆ ಹೋದಾಗ, ಇಂಥ ಪೆಟ್ಟಿಗೆ ಕಟ್ಟುತ್ತೇನೆ ಅಂದ. ಯಾಕೋ ಅಂದೆ. "ಸುಮ್ಮ ಕೂತ್ರ ತಲಿ ಕೆಡತದ ಅಣ್ಣಾ" ಅಂದ. ದುಡ್ಡು ನಾನು ಕೊಟ್ಟೆ. ಇಂಡಿಯಿಂದ ಟಂಟಂನಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ 18 ಮಿಲಿಮೀಟರ್ ಪ್ಲೈವುಡ್ ಹಾಳೆಗಳು ಬಂದವು, ಒಂದು ಮುಖಕ್ಕೆ ಕಂದು ಬಣ್ಣದ ಸನ್‌ಮೈಕಾ ಅಂಟಿಸಿದ್ದು. ಅಪ್ಪ ಒಮ್ಮೆ ನೋಡಿ ಹೊಲಕ್ಕೆ ಹೋದರು.

ಮರಗೆಲಸದಲ್ಲಿ ಅವನಿಗೆ ಇದ್ದ ಅನುಭವ ಸೊನ್ನೆ. ಅದರ ಫಲ ಒಂದೊಂದಾಗಿ ಹೊರಬಂತು. ಮುಂದೆ ಯಾರಾದರೂ ಕಟ್ಟುವವರಿದ್ದರೆ ಉಪಯೋಗವಾಗಲಿ ಅಂತ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದು ಗರಗಸದ ಬಾಯಿ. ನಾಲ್ಕು ಅಡಿ ಹಾಳೆ, ನಡುವೆ ಒಂದು ಗೆರೆ, ಎರಡು ಎರಡು ಅಡಿಯ ತುಂಡು. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಬ್ಲೇಡಿಗೂ ಒಂದು ದಪ್ಪ ಇರುತ್ತದೆ, ಸುಮಾರು ಮೂರು ಮಿಲಿಮೀಟರ್. ಅಷ್ಟು ಮರ ಹೊಟ್ಟಾಗಿ ಹಾರಿಹೋಗುತ್ತದೆ. ಗೆರೆಯ ಆ ಕಡೆಯ ತುಂಡು ಅಷ್ಟೂ ಕಡಿಮೆ ಬಂತು. ಜೊತೆಗೆ ಕೈಕಟರಿನ ಹಲ್ಲು ಮರವನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ. ಚೆಂದದ ಮುಖ ಮೇಲಿದ್ದದ್ದರಿಂದ ಅಂಚಿನ ಮೈಕಾ ಎಲ್ಲ ಇಲಿ ಕಡಿದ ಹಾಗೆ ಚಕ್ಕೆ ಎದ್ದಿತು.

ಎರಡನೆಯದು ದೊಡ್ಡದು. ಪೆಟ್ಟಿಗೆಯ ಎರಡೂ ಬದಿಯ ಹಲಗೆಗೆ ಒಂದೇ ಆಕಾರ, ಮುಂದೆ ಇಳಿಜಾರು, ಮೇಲೆ ಮೂಗಿನಂತೆ ಮುಂದಕ್ಕೆ. ರಟ್ಟಿನಲ್ಲಿ ಅಚ್ಚು ಮಾಡಿಕೊಂಡು, ಎರಡೂ ಹಲಗೆಯ ಮೈಕಾ ಮುಖದ ಮೇಲೆ ಒಂದೇ ರೀತಿ ಇಟ್ಟು ಗೆರೆ ಎಳೆದು ಕೊಯ್ದ. ಎತ್ತಿ ನಿಲ್ಲಿಸಿದರೆ... ಎರಡೂ ಎಡಗಡೆ! ಚಪ್ಪಲಿ ಅಂಗಡಿಯವನು ಎರಡೂ ಎಡಗಾಲಿನದೇ ಕೊಟ್ಟರೆ ಹೇಗೆ, ಹಾಗೆ. ಒಂದನ್ನು ತಿರುಗಿಸಿದರೆ ಮೈಕಾ ಒಳಗೆ ಹೋಗುತ್ತದೆ, ಬರೀ ಪ್ಲೈ ಹೊರಗೆ ಬರುತ್ತದೆ.

ಆ ಸಂಜೆ ಅವನು ಊಟ ಮಾಡಲಿಲ್ಲ. ಮರುದಿನ ಅವ್ವ ನಮ್ಮ ಓಣಿಯ ಬಡಿಗೇರ ಕಾಕಾನ್ನ ಕರೆದುಕೊಂಡು ಬಂದಳು.

ಕಾಕಾಗೆ ಎಪ್ಪತ್ತರ ಹತ್ತಿರ. ಕರಿಜಾಲಿ ಕಟ್ಟಿಗೆಯಲ್ಲಿ ಚಕ್ಕಡಿ, ನೊಗ, ಕುಂಟೆ, ಕೂರಿಗೆ ಮಾಡಿದ ಕೈ. ಊರಿಗೆ ಟ್ರ್ಯಾಕ್ಟರ್ ಬಂದಮೇಲೆ ಚಕ್ಕಡಿ ಕೇಳುವವರು ಇಲ್ಲ, ಈಗ ಕದ, ಕಿಟಕಿ, ಮೈಕಾ ಕೆಲಸ. ಬಂದವರು ಎರಡೂ ಎಡಗಡೆಗಳನ್ನು ನೋಡಿದರು. ನಗಲಿಲ್ಲ. ಮೀಸೆ ಸವರಿಕೊಂಡು ಕೇಳಿದ್ದು ಒಂದೇ ಮಾತು:

"ಎಷ್ಟು ಕಡಿಮಿ ಆಗ್ಯಾದ?"

ಮುಂದಿನ ಎರಡು ವಾರ ಅವರ ಬಾಯಲ್ಲಿ ಇದನ್ನು ಎಷ್ಟು ಸಲ ಕೇಳಿದೆನೋ. ಏನೇ ಕೆಡಲಿ, ಮೊದಲ ಪ್ರಶ್ನೆ "ಎಷ್ಟು?" ಯಾಕೆ, ಯಾರು, ಹೆಂಗ ಅನ್ನುವ ಮಾತೇ ಇಲ್ಲ. ಟೇಪು ಹಿಡಿ, ಎಷ್ಟು ಅಂತ ಹೇಳು, ಆಮೇಲೆ ಮುಂದಿನದು. ತಮ್ಮ ಮೂರು ಮಿಲಿಮೀಟರ್ ಅಂದ. "ದೊಡ್ಡದನ್ನ ಸಣ್ಣದು ಮಾಡಾಕ ಬರ್ತದ, ಸಣ್ಣದನ್ನ ದೊಡ್ಡದು ಮಾಡಾಕ ಬರಂಗಿಲ್ಲ" ಅಂತ ಎರಡೂ ಹಲಗೆ ಜೋಡಿಸಿ ಬಿಗಿದು, ರಂದ ಹೊಡೆದು ಒಂದೇ ಅಳತೆಗೆ ತಂದರು. ಇಲಿ ಕಡಿದ ಅಂಚಿಗೆ ತೆಳ್ಳನೆ ಬೀಡಿಂಗ್ ಪಟ್ಟಿ. ಎರಡನೇ ಎಡಗಡೆಯನ್ನು ತಿರುಗಿಸಿ, ಹೊರಗೆ ಬಂದ ಬರೀ ಮುಖಕ್ಕೆ ಅವರ ಮನೆಯಲ್ಲಿ ಉಳಿದಿದ್ದ ನೀಲಿ ಮೈಕಾ. ಈಗ ಪೆಟ್ಟಿಗೆ ಎಡಕ್ಕೆ ಕಂದು, ಬಲಕ್ಕೆ ನೀಲಿ. ನೋಡಿದವರೆಲ್ಲ ಡಿಸೈನು ಛಲೋ ಅದ ಅಂತಾರೆ :-)

ಮೂರನೆಯದು ಮಾನಿಟರು. ಎಸ್.ಪಿ. ರೋಡಿನಲ್ಲಿ ಕೊಂಡ ಹಳೇ 19 ಇಂಚಿನದು. (ಹಳೇ ದಪ್ಪ ಟಿವಿ ಬೇಡವೆಂದದ್ದಕ್ಕೆ ಕಾರಣ ಇದೆ. ಅದರ ಪಿಕ್ಚರ್ ಟ್ಯೂಬು ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಗೊತ್ತಿಲ್ಲದವರು ಮುಟ್ಟಬಾರದು.) ತಮ್ಮ ಪೆಟ್ಟಿಗೆಯ ಅಗಲ 440 ಮಿಲಿಮೀಟರ್ ಇಟ್ಟಿದ್ದ, ಮಾನಿಟರು 410. ಬೇಕಾದಷ್ಟು ಜಾಗ ಇದೆ ಅನ್ನಿಸುತ್ತದೆ. ಆದರೆ 440 ಹೊರಗಿನ ಅಳತೆ. ಎರಡು ಹಲಗೆಯ ದಪ್ಪ 36 ಕಳೆದರೆ ಒಳಗೆ ಉಳಿದದ್ದು 404. "ಎಷ್ಟು?" "ಆರು ಮಿಲಿಮೀಟರ್, ಕಾಕಾ." ಈ ಸಲ ದಾರಿ ಹುಡುಕಿದವನು ತಮ್ಮನೇ. ಮಾನಿಟರಿನ ಪ್ಲಾಸ್ಟಿಕ್ ಕವಚ ಬಿಚ್ಚಿದ. ಒಳಗಿನ ತಗಡಿನ ಚೌಕಟ್ಟು 396. ಎರಡೂ ಕಡೆ ನಾಲ್ಕು ನಾಲ್ಕು ಮಿಲಿಮೀಟರ್ ಬಿಟ್ಟು ಕೂತಿತು.

ನಾಲ್ಕನೆಯದು ಗುಂಡಿಗಳ ಹಲಗೆ. ತೂತುಗಳ ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದ. ಅಲ್ಲಿನ ಕಂಪ್ಯೂಟರ್ ನಕ್ಷೆಯನ್ನು ಹಾಳೆಗೆ ಹೊಂದಿಸಲು ಸ್ವಲ್ಪ ಕುಗ್ಗಿಸಿತ್ತು. ಗುಂಡಿಗಳೇನೋ ಕೂತವು, ಕೋಲಿನ ನಾಲ್ಕು ಬೋಲ್ಟು ಕೂರಲಿಲ್ಲ. ದುಂಡನೆ ಅರದಿಂದ ತೂತು ಉದ್ದ ಮಾಡಿ, ಅಗಲದ ವಾಷರ್ ಹಾಕಿ ಮುಗಿಸಿದರು. ಪ್ರಿಂಟ್ ತೆಗೆದ ಮೇಲೆ ಅಳತೆಪಟ್ಟಿ ಇಟ್ಟು ನೋಡಿ, ದಯವಿಟ್ಟು.

ಆ ತೂತುಗಳ ಕೆಲಸ ನಡೆದಾಗ ಕಾಕಾ ಕೂರಿಗೆಯ ಮಾತು ತೆಗೆದರು. ಕೂರಿಗೆಯ ಮೇಲೆ ಒಂದು ಮರದ ಬಟ್ಟಲು, ಅದರ ತಳದಲ್ಲಿ ತೂತುಗಳು. ಕೈಯಿಂದ ಬಿಟ್ಟ ಕಾಳು ಆ ತೂತಿನಿಂದ ಬಿದಿರಿನ ಕೊಳವೆಯಲ್ಲಿ ಇಳಿದು ತಾಳಿನ ಹಿಂದೆ ನೆಲಕ್ಕೆ ಬೀಳುತ್ತದೆ. ಒಂದು ತೂತು ಸಣ್ಣದಾದರೆ ಆ ಸಾಲು ವಿರಳ. "ನಿಮ್ಮ ಪೆಟಗಿ ತಪ್ಪಿದ್ರ ಮನ್ಯಾಗ ನೀವ ನೋಡ್ತೀರಿ. ಕೂರಿಗಿ ತಪ್ಪಿದ್ರ ಹೊಲದಾಗ ಮೊಳಿತದಪಾ. ಸುಗ್ಗಿ ತನಕಾ ಊರ ಮಂದೆಲ್ಲಾ ನೋಡ್ತಾರ." ಅವರು ಹುಡುಗನಾಗಿದ್ದಾಗ ಮಾಡಿದ ಮೊದಲ ಕೂರಿಗೆ ಹಾಗೇ ಆಗಿತ್ತಂತೆ. "ಮತ್ತ ಏನ್ ಮಾಡಿದ್ರಿ ಕಾಕಾ?" ಅಂದ ತಮ್ಮ. "ಮುಂದಿನ ವರ್ಷ ತೂತು ದೊಡ್ಡದು ಮಾಡಿದ್ಯಾ" ಅಂದರು. ಅಷ್ಟೇ!

ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಗುಂಡಿ ಹಲಗೆ ಎಷ್ಟು ಎತ್ತರಕ್ಕೆ ಅಂತ ತಮ್ಮ ಅಮೆರಿಕದ ಯಾವುದೋ ನಕ್ಷೆ ನೋಡಿ 38 ಇಂಚು ಗುರುತು ಹಾಕಿದ್ದ. ಕಾಕಾ ಕೇಳಿದರು, "ಆಡೋರು ಯಾರು?" ಓಣಿ ಹುಡುಗರು ಅಂದ. "ಕರಕೊಂಡು ಬಾ." ನಾಲ್ಕು ಹುಡುಗರನ್ನು ಗೋಡೆಗೆ ನಿಲ್ಲಿಸಿ ಮೊಣಕೈ ಎತ್ತರ ಅಳೆದು 32 ಇಂಚಿಗೆ ಇಳಿಸಿದರು. ನೊಗ ಮಾಡುವಾಗ ಎತ್ತಿನ ಹೆಗಲು ನೋಡುತ್ತಾರಲ್ಲ, ಹಾಗೆ. ನಮ್ಮ ಆಫೀಸಿನಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟು ಮೀಟಿಂಗ್ ಮಾಡುತ್ತೇವೆ.

ಸಾಫ್ಟ್‌ವೇರಿನ ಭಾಗ ನನ್ನದು, ಒಂದು ಸಂಜೆಯ ಕೆಲಸ. ಒಂದು ರಾಸ್ಪ್‌ಬೆರಿ ಪೈ, ಅದರಲ್ಲಿ ‘ಮೇಮ್’. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿದ, ಹಳೇ ಆಟದ ಬೋರ್ಡುಗಳನ್ನು ಕಂಪ್ಯೂಟರಿನೊಳಗೆ ಅನುಕರಿಸುವ ತಂತ್ರಾಂಶ. 2016ರಿಂದ ಮುಕ್ತ ತಂತ್ರಾಂಶವೂ ಹೌದು. ಯಾವ ಗುಂಡಿಗೆ ಯಾವ ಕೆಲಸ ಅನ್ನುವುದನ್ನು ಮೆನುವಿನಲ್ಲಿ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಹಿಂದಿನದರ ಗುರುತೂ ಉಳಿಯುವುದಿಲ್ಲ. ಪಕ್ಕದಲ್ಲಿ ತಮ್ಮ ಒಂದು ಸ್ಕ್ರೂ ತೂತಿಗೆ ಫೆವಿಕಾಲ್ ಮತ್ತು ಹೊಟ್ಟು ಕಲಸಿ ತುಂಬುತ್ತಾ ಕೂತಿದ್ದ. ಪ್ಲೈನ ಅಂಚಿಗೆ ನೇರ ಸ್ಕ್ರೂ ಹೊಡೆದರೆ ಪದರಗಳು ಬಿರಿಯುತ್ತವೆ. ಮೊದಲು ಸಣ್ಣ ತೂತು ಕೊರೆಯಬೇಕು, ಇಲ್ಲವೇ ಒಳಗೆ ರೀಪು ಕೊಟ್ಟು ಅದಕ್ಕೆ ಹೊಡೆಯಬೇಕು. ಅವನಿಗದು ಈಗ ಗೊತ್ತು. ಪೆಟ್ಟಿಗೆಯ ಎಡಮೂಲೆ ನೋಡಿದರೆ ಯಾವಾಗ ಗೊತ್ತಾಯಿತು ಅನ್ನುವುದೂ ಕಾಣುತ್ತದೆ.

ಒಂದು ಮಾತು, ಮೇಮ್ ಉಚಿತವಾದರೂ ಅದರಲ್ಲಿ ಆಡುವ ಆಟಗಳ ಹಕ್ಕು ಕಂಪನಿಗಳದ್ದು. ಹಕ್ಕುದಾರರು ಒಪ್ಪಿ ಬಿಟ್ಟುಕೊಟ್ಟ ಕೆಲವು ಹಳೇ ಆಟಗಳಿವೆ, 1981ರ ‘ರಾಬಿ ರೋಟೋ’ ಥರದವು. ನಾವು ಹಾಕಿದ್ದು ಅದನ್ನು. ಉದ್ಘಾಟನೆಯ ದಿನ ಓಣಿಯ ಹುಡುಗರೆಲ್ಲ ಬಂದು ಒಂದು ಆಟ ಆಡಿ ಮೊದಲು ಕೇಳಿದ್ದು, "ಅಣ್ಣಾ, ಪಬ್ಜಿ ಇಲ್ಲೇನು?" :-( ಆದರೆ ಸಂಜೆಯವರೆಗೂ ಯಾರೂ ಕೋಲು ಬಿಡಲಿಲ್ಲ.

ಕಾಕಾ ಕೂಲಿ ತಗೊಳ್ಳಲಿಲ್ಲ. ಹಿಂದೆ ಆಯದ ಲೆಕ್ಕದಲ್ಲಿ ಜೋಳ ಕೊಡುತ್ತಿದ್ದರಲ್ಲ, ಅವ್ವ ಅದನ್ನು ನೆನಪಿಟ್ಟು ಒಂದು ಚೀಲ ಜೋಳ ಕಳಿಸಿದಳು.

ಅಪ್ಪ ಎರಡು ದಿನ ಪೆಟ್ಟಿಗೆಯ ಹತ್ತಿರ ಬರಲಿಲ್ಲ. ಮೂರನೇ ದಿನ ರಾತ್ರಿ ಊಟ ಆದಮೇಲೆ ಬಂದು, ಬೀಡಿಂಗ್ ಪಟ್ಟಿಯ ಮೇಲೆ ಬೆರಳಾಡಿಸಿದರು. ನೀಲಿ ಬದಿ ನೋಡಿದರು, ಕಂದು ಬದಿ ನೋಡಿದರು. ಆಮೇಲೆ ಎಷ್ಟೋ ತಿಂಗಳ ಮೇಲೆ ಮೊದಲ ಸಲ ನೇರ ತಮ್ಮನಿಗೇ ಕೇಳಿದರು:

"ಎಷ್ಟು ಪೇಪರ್ ಉಳದಾವು?"

"ಮೂರು, ಅಪ್ಪಾ. ಎರಡು ಪಾಸಾಗ್ಯಾವ."

"ಹಂ" ಅಂದರು. ಅಡುಗೆಮನೆ ಕದ ನೆಲಕ್ಕ ಹತ್ತಲಾಕತ್ತದ, ಹೊತ್ತು ಸಿಕ್ಕಾಗ ರಂದ ಹೊಡಿ ಅಂತ ಹೇಳಿ ಮಲಗಲು ಹೋದರು.