ಗುಡ್ಡಕ್ಕೆ ಹೋಗುವ ಬಸ್ಸು

ಗಜೇಂದ್ರಗಡದ ಬಸ್ ಸ್ಟ್ಯಾಂಡ್. ನಾಳೆ ಭಾರತ ಹುಣ್ಣಿವೆ, ಸವದತ್ತಿಯ ಎಲ್ಲಮ್ಮನಗುಡ್ಡದಲ್ಲಿ ಜಾತ್ರೆ. ಸವದತ್ತಿ ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು, ಚೀಲ ತೂರಿ ಸೀಟು ಹಿಡಿದಾಗಿದೆ. ನಿಮಗೆ ಸಿಕ್ಕಿದ್ದು ಹಿಂದಿನ ಉದ್ದ ಸೀಟು. ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ, ಎಲ್ಲಮ್ಮನಿಗೆ ಮೀಸಲಾದ ಜೋಗಪ್ಪ. ಹಣೆತುಂಬ ಭಂಡಾರ, ಕೊರಳಲ್ಲಿ ಕವಡೆಸರ, ತೊಡೆಯ ಮೇಲೆ ಎಲ್ಲಮ್ಮನ ಹಡ್ಲಿಗೆ ಬುಟ್ಟಿ. ಕೈ ಮಾತ್ರ ಬರಿದು, ಒಂದೂ ಬಳೆಯಿಲ್ಲ.

“ಆಧಾರ್ ತಗೀಬೇ ಯವ್ವಾ,” ಎನ್ನುತ್ತಾನೆ ಕಂಡಕ್ಟರ್. 2023ರ ಜೂನ್‌ನಲ್ಲಿ ಶುರುವಾದ, ಹೆಂಗಸರಿಗೆ ಪುಕ್ಕಟೆ ಬಸ್ ಪ್ರಯಾಣದ ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಂಟು. ಆದರೆ ಕಾರ್ಡಿನಲ್ಲಿ ‘ಪುರುಷ’ ಎಂದಿದೆ. ಆತ ಕಾರ್ಡು ನೋಡಿ, ಮುಖ ನೋಡಿ, ಹಡ್ಲಿಗೆಗೆ ಕೈಮುಗಿದು ಶೂನ್ಯ ಚೀಟಿ ಕೊಡುತ್ತಾನೆ. ಹಡ್ಲಿಗೆಗೆ ಕೈಮುಗಿಯುವ ಊರು, ಅದನ್ನು ಹೊತ್ತವರಿಗೆ ಬಾಡಿಗೆಗೆ ಖೋಲಿ ಕೊಡಲು ಮಾತ್ರ ಹಿಂದೆಮುಂದೆ ನೋಡುತ್ತದೆ.

ರೋಣ ಬಂತು. 1922ರಲ್ಲಿ ಗಾಯಕ ಭೀಮಸೇನ ಜೋಶಿ ಹುಟ್ಟಿದ ಊರು. ಗಾಡಿ ಎರಿಹೊಲಗಳ ನಡುವೆ ಓಡತೊಡಗಿದಾಗ ಜೋಗಪ್ಪ ಚೀಲದಿಂದ ಚೌಡಕಿ ತೆಗೆಯುತ್ತಾರೆ. ಕಟ್ಟಿಗೆಯ ಕೊಳಗ, ತಳಕ್ಕೆ ತೊಗಲು, ತೊಗಲಿನಿಂದ ಮೇಲಿನ ಗೂಟಕ್ಕೆ ಎಳೆದ ಒಂದೇ ತಂತಿ. ಕಂಕುಳಲ್ಲಿ ಅವುಚಿ ಮೀಟಿದರೆ ನಾದದ ಜೊತೆಗೇ ಗುಡುಗು. ಕೊಳಗದ ಒಂದು ಪಕ್ಕ ಬೆವರಿಗೆ ಕಪ್ಪಾಗಿ ನುಣುಪಾಗಿದೆ.

“ಇದು ನಮ್ಮ ಗುರುವಿಂದು. ಆಕಿ ಅದss ಜಡ್ಡಿನಾಗ ಹೋದ್ಲು. ಕಡೀಕ ನೀರು ಕೊಡಾಕೂ ಯಾರೂ ಹತ್ತರ ಬರಲಿಲ್ಲ.”

ಜಡ್ಡಿನ ಹೆಸರು ಹೇಳುವುದಿಲ್ಲ. ನೀವೂ ಕೇಳುವುದಿಲ್ಲ. ನೆರೆಯ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ದೇಶದಲ್ಲೇ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿದ್ದವು. ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆಯನ್ನು ಪುಕ್ಕಟೆ ಕೊಡತೊಡಗಿದ್ದು 2004ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಹೋದವರಿಗೆ ಸಿಕ್ಕಿದ್ದು ಭಂಡಾರವೊಂದೇ. ಈಗ ಅದೇ ಚೀಲದಲ್ಲಿ, ಎಲೆಅಡಿಕೆ ಸಂಚಿಯ ಪಕ್ಕ, ಗುಳಿಗೆ ಡಬ್ಬಿಯೂ ಇದೆ. “ರಾತ್ರಿಗೊಂದು. ತಪ್ಪಿಸಂಗಿಲ್ಲ.”

ನರಗುಂದದ ಗುಡ್ಡ ಕಾಣುತ್ತಿದ್ದಂತೆ ಗಾಡಿಯಲ್ಲಿ “ಉಧೋ ಉಧೋ” ಏಳುತ್ತದೆ. ಇಲ್ಲಿ ಇನ್ನಿಬ್ಬರು ಹತ್ತುತ್ತಾರೆ. ಅವರ ಕೈಯೂ ಬರಿದು. ಎಲ್ಲಮ್ಮನ ಗಂಡ ಜಮದಗ್ನಿ ಸತ್ತನೆಂದು ಹೊಸ್ತಿಲ ಹುಣ್ಣಿವೆಗೆ ಒಡೆದ ಬಳೆಯನ್ನು ಭಾರತ ಹುಣ್ಣಿವೆಗೆ ಎಲ್ಲಮ್ಮನಗುಡ್ಡದಲ್ಲಿ ಮತ್ತೆ ಇಡಿಸಿಕೊಳ್ಳಬೇಕು. ಆ ರಂಡಿ ಹುಣ್ಣಿವೆಯಿಂದ ಈ ಮುತ್ತೈದೆ ಹುಣ್ಣಿವೆತನಕ ದೇವಿಯ ದುಃಖವೇ ಇವರ ದುಃಖ. ಗುರು ಸತ್ತಾಗ ಬಾಯಿಬಿಟ್ಟು ಅಳಲಾಗದವರಿಗೆ ಅಳಲು ಪಂಚಾಂಗ ಒಂದು ದಿನ ಕೊಟ್ಟಿತ್ತು. ಏಡ್ಸ್‌ನಿಂದ ಸತ್ತ ಗೆಳೆಯರ ಹೆಸರು ಹೊಲಿದ ಕೌದಿಗಳನ್ನು ಅಮೆರಿಕದವರು 1987ರಲ್ಲಿ ವಾಷಿಂಗ್ಟನ್ನಿನ ಬಯಲಲ್ಲಿ ಹಾಸಿದ್ದರು. ಇಲ್ಲಿ ಹೆಸರುಗಳು ಬಟ್ಟೆಗೆ ಏರಲಿಲ್ಲ. ಹಾಡು ನಿಲ್ಲಿಸಿದಾಗ ಜೋಗಪ್ಪ ತಂತಿ ಮುಟ್ಟಿ ಕಣ್ಣಿಗೊತ್ತಿಕೊಂಡು ಗುರುವಿನ ಹೆಸರು ಹೇಳುತ್ತಾರಲ್ಲ, ಅಷ್ಟೇ.

ಇದೇ ಪರಂಪರೆಯಲ್ಲಿ ಕಾಳವ್ವ ಜೋಗತಿಯಿಂದ ಕುಣಿತ ಕಲಿತ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕಲೆಗೆ ಮಾನ ಬಂತು, ಸಂತೋಷ. ಆದರೆ ಗುರುವಿನ ಬಾಯಿಂದಲೇ ಶಿಷ್ಯೆಗೆ ಬರುವ ವಿದ್ಯೆಯಲ್ಲಿ ಒಬ್ಬರು ಅಕಾಲದಲ್ಲಿ ಸತ್ತರೆ ಅವರು ಕಲಿಸದೆ ಉಳಿದ ಹಾಡೂ ಹೋದಂತೆಯೇ. ಪಕ್ಕದ ಜೋಗಪ್ಪನಿಗೆ ಗುರುವಿನ ಒಂದು ಕಥೆಹಾಡು ಅರ್ಧವಷ್ಟೇ ಬರುತ್ತದೆ. “ಮುಂದಿಂದು ಆಕಿ ಕೂಡ ಹೋತು,” ಎಂದು ಚೌಡಕಿ ಚೀಲಕ್ಕೆ ಹಾಕುತ್ತಾರೆ.

ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇಲ್ಲಿಂದ ದೂರವೇನಲ್ಲ. ಮುಂದಿನ ಹುಣ್ಣಿವೆಗೆ ರೆಕಾರ್ಡರ್ ಹಿಡಿದ ನಾಲ್ವರು ವಿದ್ಯಾರ್ಥಿಗಳನ್ನು ಗುಡ್ಡಕ್ಕೆ ಕಳಿಸಲಿ. ಹಾಡು ಬರೆದುಕೊಳ್ಳುವಾಗ ಅದನ್ನು ಯಾರಿಂದ ಕಲಿತಿರಿ, ಅವರು ಯಾವಾಗ ತೀರಿಕೊಂಡರು ಎಂಬುದನ್ನೂ ಕೇಳಿ ಬರೆದುಕೊಳ್ಳಲಿ.